ಅರವತ್ತು ಡಿಗ್ರಿಯಲ್ಲಿ ನಿಂತುಬಿಡುವ ಹಳೆಯ ಫ್ರಂಟ್ ಲೋಡ್ ಯಂತ್ರ: ವಿನ್ಯಾಸ, ಚಾಳಿ, ರಿಪೇರಿ

ಬಾವಿಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ 1988ರಲ್ಲಿ ದುಬೈ ಬಿಟ್ಟು ಊರಿಗೆ ಬಂದಾಗ ತಮ್ಮ ಸಾಮಾನಿನೊಂದಿಗೆ ಇಟಲಿಯಲ್ಲಿ ತಯಾರಾದ, ಐದು ಕಿಲೋ ಬಟ್ಟೆ ಹಿಡಿಯುವ ಒಂದು ಫ್ರಂಟ್ ಲೋಡ್ ವಾಷಿಂಗ್ ಮೆಷಿನನ್ನೂ ತಂದಿದ್ದರು. ಕುಂದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಅದನ್ನು ಬಚ್ಚಲಿನ ಪಕ್ಕದ ಜಗಲಿಯ ಮೇಲೆ ಇಟ್ಟು, ಬಾವಿಯ ನೀರನ್ನು ಟ್ಯಾಂಕಿಗೆ ಏರಿಸಿ ಅಲ್ಲಿಂದ ಪೈಪು ಕೊಟ್ಟಿದ್ದೆವು. ಡ್ರಮ್ಮು ಒಂದಿಷ್ಟು ಸುತ್ತು ಬಲಕ್ಕೆ ತಿರುಗಿ, ಉಸಿರು ಕಟ್ಟಿದಂತೆ ನಿಂತು, ಮತ್ತೆ ಎಡಕ್ಕೆ ತಿರುಗುವಾಗ ಅಜ್ಜನ ಕೆಂಪು ಅಂಚಿನ ಪಂಚೆ ಗಾಜಿನಾಚೆ ಎಷ್ಟು ಬಾರಿ ಕಾಣಿಸಿತೆಂದು ಎಣಿಸುವುದೇ ನಮ್ಮ ಬೇಸಿಗೆ ರಜೆಯ ಆಟವಾಗಿತ್ತು.

2004ರಲ್ಲಿ ಅದನ್ನು ಬೆಂಗಳೂರಿನ ಮನೆಗೆ ತಂದು ಬೋರ್‌ವೆಲ್ ನೀರಿಗೆ ಜೋಡಿಸಿದೆವು. ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ಒಂದು ಹಠ ಹಿಡಿಯಿತು. ತಣ್ಣೀರಿನ ಪ್ರೋಗ್ರಾಮಿಗೆ ಇಟ್ಟರೆ ಕೆಲಸವೆಲ್ಲ ಸುಸೂತ್ರವಾಗಿ ಮುಗಿಯುತ್ತದೆ. 60 ಡಿಗ್ರಿಗೆ ಇಟ್ಟರೆ ಮಾತ್ರ ತಿರುಗಣೆಯ ಗುಬುಟು ಆರಂಭದ ಎರಡು ಗೆರೆ ದಾಟಿ ನಿಂತುಬಿಡುತ್ತದೆ, ಡ್ರಮ್ಮು ಮಾತ್ರ ಗಂಟೆಗಟ್ಟಲೆ ಆಚೀಚೆ ತಿರುಗುತ್ತಲೇ ಇರುತ್ತದೆ. ಆಗ ಕರೆಸಿದ ಮೆಕ್ಯಾನಿಕ್ ಟೈಮರ್ ಹೋಗಿದೆ, ಈ ಮಾದರಿಯದು ಸಿಗುವುದಿಲ್ಲ ಎಂದು ಹೇಳಿ ಹೋದರು. ಅಂದಿನಿಂದ ಯಂತ್ರ ಯುಟಿಲಿಟಿಯ ಮೂಲೆಯಲ್ಲಿ ಬಕೆಟ್ ಇಡುವ ಮೇಜಾಗಿದೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲವೆಂದು ಬರೆದಿಲ್ಲ. ಇದನ್ನು ಬಲ್ಲವರು ಯಾರಾದರೂ ಇದ್ದೀರಾ?

ಹದಿನೈದು_ಆಂಪಿಯರ್:

ಮೂವತ್ತು ವರ್ಷ ಹುಬ್ಬಳ್ಳಿಯಲ್ಲಿ ಇಂಥ ಯಂತ್ರಗಳ ಹಿಂಬದಿಯ ತಗಡು ಬಿಚ್ಚಿದವನು ನಾನು. ತಾವು ಹಠ ಎಂದು ಕರೆದದ್ದನ್ನು ವಿನ್ಯಾಸ ಮಾಡಿದವರು ಬೇಕೆಂದೇ ಇಟ್ಟಿದ್ದರು. ತಮ್ಮ ಟೈಮರ್ ಬಹುಶಃ ಗಟ್ಟಿಮುಟ್ಟಾಗಿಯೇ ಇದೆ.

ಆ ಗುಬುಟಿನ ಹಿಂದೆ ಹಲ್ಲುಹಲ್ಲಾದ ಪ್ಲಾಸ್ಟಿಕ್ ಬಿಲ್ಲೆಗಳ ಒಂದು ಅಡುಕು ಇರುತ್ತದೆ. ಗಡಿಯಾರದ ಮೋಟರಿನಂಥ ಒಂದು ಪುಟ್ಟ ಸಿಂಕ್ರೊನಸ್ ಮೋಟರ್ ಆ ಅಡುಕನ್ನು ಹಂತ ಹಂತವಾಗಿ ಮುಂದೆ ತಳ್ಳುತ್ತದೆ, ಪ್ರತಿ ಹಂತದಲ್ಲೂ ಬಿಲ್ಲೆಗಳ ಏರುತಗ್ಗು ಹಿತ್ತಾಳೆಯ ಪಟ್ಟಿಗಳನ್ನು ಎತ್ತಿ ಇಳಿಸಿ ನೀರಿನ ವಾಲ್ವಿಗೋ ಹೀಟರಿಗೋ ಪಂಪಿಗೋ ಕರೆಂಟು ಕೊಡುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಕೇಳಿಸುವ ‘ಟಕ್’ ಶಬ್ದ ಅದೇ. ಗುಬುಟನ್ನು ಹಿಂದಕ್ಕೆ ತಿರುಗಿಸಬಾರದು ಎಂದು ಹೇಳುತ್ತಿದ್ದದ್ದೂ ಇದಕ್ಕಾಗಿಯೇ. ಹಿಂದಕ್ಕೆ ತಿರುಗಿಸಿದರೆ ಪಟ್ಟಿಗಳು ಬಿಲ್ಲೆಯ ಹಲ್ಲಿಗೆ ಸಿಕ್ಕಿ ಬಾಗಿಬಿಡುತ್ತವೆ.

ಬಿಸಿನೀರಿನ ಪ್ರೋಗ್ರಾಮಿನಲ್ಲಿ ಒಂದು ಹಂತಕ್ಕೆ ಬಂದೊಡನೆ ಈ ಪುಟ್ಟ ಮೋಟರಿಗೆ ಕರೆಂಟು ತಪ್ಪುತ್ತದೆ. ಡ್ರಮ್ಮಿನ ಸುತ್ತ ನೀರು ಹಿಡಿಯುವ ಟಬ್ಬಿನೊಳಗಿನ ಥರ್ಮೋಸ್ಟಾಟ್ ‘ನೀರು ಕಾಯಿತು’ ಎಂದು ಒಪ್ಪಿಗೆ ಕೊಡುವವರೆಗೆ ಟೈಮರ್ ಮುಂದೆ ಹೋಗುವುದಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಥರ್ಮೋಸ್ಟಾಪ್ ಎನ್ನುತ್ತೇವೆ. ಹೀಟರ್ ಸುಟ್ಟುಹೋಗಿದ್ದರೆ ನೀರು ಎಂದಿಗೂ ಕಾಯುವುದಿಲ್ಲ, ಆದ್ದರಿಂದ ಒಪ್ಪಿಗೆಯೂ ಬರುವುದಿಲ್ಲ. ಹೊಸ ಯಂತ್ರವಾದರೆ ಪರದೆಯ ಮೇಲೆ ಒಂದು ಸಂಕೇತ ತೋರಿಸಿ ಕೈಚೆಲ್ಲುತ್ತಿತ್ತು. ಇದು ಪಾಪ, ಹೇಳಿದ ಮಾತನ್ನು ನಂಬಿಕೊಂಡು ಕಾಯುತ್ತಲೇ ಇರುತ್ತದೆ.

ಮೊದಲು ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಮಲ್ಟಿಮೀಟರಿನಿಂದ ಹೀಟರಿನ ಎರಡು ತುದಿಗಳ ನಡುವೆ ಅಳೆಯಿರಿ. ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ 2000 ವ್ಯಾಟಿನ ಹೀಟರ್ ಇರುತ್ತದೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅಪರಾಧಿ ಸಿಕ್ಕಿದ ಹಾಗೆ.

ಒಗೆಯುವ_ಕಲ್ಲು:

ಹದಿನೈದು ಆಂಪಿಯರ್ ಅವರ ವಿವರಣೆ ಓದಿ ನನಗೂ ಒಂದು ಹಳೆಯ ಗುಟ್ಟು ಬಿಡಿಸಿದಂತಾಯಿತು. ನಾನು 1993ರಲ್ಲಿ ಮದುವೆಯಾಗಿ ಬಸವನಗುಡಿಯ ಮನೆಗೆ ಬಂದಾಗ ನಮ್ಮ ಬೀದಿಯಲ್ಲಿ ವಾಷಿಂಗ್ ಮೆಷಿನ್ ಎಂದರೆ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಎಂದೇ ಅರ್ಥವಿತ್ತು. ಐಎಫ್‌ಬಿಯವರು ಜರ್ಮನಿಯ ಬಾಷ್ ಕಂಪನಿಯ ತಂತ್ರಜ್ಞಾನದೊಂದಿಗೆ ಫ್ರಂಟ್ ಲೋಡ್ ಯಂತ್ರಗಳನ್ನು ಭಾರತದಲ್ಲಿ ತಯಾರಿಸಿ ಮಾರತೊಡಗಿದ್ದ ಕಾಲವದು. ಅಂಗಡಿಯಲ್ಲಿ ಅಂಥ ದುಂಡು ಕಿಟಕಿಯ ಯಂತ್ರವನ್ನು ನೋಡಿದವರು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಬಾಗಿಲು ಮುಂದಿದ್ದರೆ ನೀರು ಹೊರಗೆ ಚೆಲ್ಲುವುದಿಲ್ಲವೇ?’ ಎಂಬುದು.

ನಮ್ಮ ಮನೆಗೆ ಬಂದ ಯಂತ್ರ ಯಾವುದೆಂದು ಹೇಳುವುದಿಲ್ಲ, ಆದರೆ ಜೋಡಿಸಲು ಬಂದ ಹುಡುಗ ಸಾಗಾಟದಲ್ಲಿ ಟಬ್ಬು ಅಲುಗದಂತೆ ಹಿಂಬದಿಯಿಂದ ಬಿಗಿದ ಬೋಲ್ಟುಗಳನ್ನು ತೆಗೆಯುವುದನ್ನೇ ಮರೆತಿದ್ದ. ಮೊದಲ ಸ್ಪಿನ್ನಿಗೆ ಯಂತ್ರ ಗೋಡೆಯಿಂದ ಬಚ್ಚಲ ಬಾಗಿಲವರೆಗೆ ನಡೆದುಬಂತು. ನಮ್ಮ ಅತ್ತೆಯವರು ‘ಇದಕ್ಕೆ ಮೈಮೇಲೆ ಬಂದಿದೆ’ ಎಂದು ಊದುಬತ್ತಿ ಹಚ್ಚಲು ಹೊರಟಿದ್ದರು. ಅವರು ಕೊನೆಯವರೆಗೂ ತಮ್ಮ ಮಡಿಯ ಸೀರೆಯನ್ನು ಅದರೊಳಗೆ ಹಾಕಲಿಲ್ಲ. ಉಳಿದ ಬಟ್ಟೆಗಳನ್ನೂ ಯಂತ್ರದಿಂದ ತೆಗೆದು ಒಂದು ಬಿಂದಿಗೆ ನೀರಿನಲ್ಲಿ ಇನ್ನೊಮ್ಮೆ ಅದ್ದಿಯೇ ಒಣಹಾಕುತ್ತಿದ್ದರು.

ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಮಾತ್ರ ಆ ಗುಬುಟಿನ ಯಂತ್ರವನ್ನು ಮೀರಿಸಿದವರಿಲ್ಲ. ಕರೆಂಟು ಹೋದರೆ ಬಿಲ್ಲೆಗಳು ಇದ್ದ ಜಾಗದಲ್ಲಿಯೇ ಇರುತ್ತಿದ್ದವು. ಎರಡು ಗಂಟೆಯ ಮೇಲೆ ಕರೆಂಟು ಬಂದರೂ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಆಮೇಲೆ ನಾನು ಕೊಂಡ ಮೊದಲ ಎಲೆಕ್ಟ್ರಾನಿಕ್ ಯಂತ್ರ, ಕರೆಂಟು ಹೋಗಿ ಬಂದೊಡನೆ ಎಲ್ಲವನ್ನೂ ಮರೆತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ‘ಯಾವ ಪ್ರೋಗ್ರಾಮ್?’ ಎಂಬಂತೆ ನನ್ನನ್ನೇ ನೋಡುತ್ತಿತ್ತು.

ಬಾವಿಕಟ್ಟೆ:

ಮೇಡಂ, ನಡೆಯುವ ವಿಷಯ ಬಂದದ್ದರಿಂದ ಕೇಳುತ್ತೇನೆ. ನಮ್ಮ ಯಂತ್ರದ ಬೋಲ್ಟುಗಳನ್ನೆಲ್ಲ ತೆಗೆದಿತ್ತು, ಆದರೂ ಅದು ಕೆಲವು ದಿನ ನಡೆಯುತ್ತಿತ್ತು, ಕೆಲವು ದಿನ ಸುಮ್ಮನಿರುತ್ತಿತ್ತು. ಒಂದು ದೊಡ್ಡ ಜಮಖಾನ ಹಾಕಿದ ದಿನ ಖಂಡಿತ ನಡೆಯುತ್ತಿತ್ತು. ಈಗಿನ ಯಂತ್ರಗಳು ಅದೇ ಜಮಖಾನಕ್ಕೆ ಇಷ್ಟು ಗಲಾಟೆ ಮಾಡುವುದಿಲ್ಲ. ವ್ಯತ್ಯಾಸ ಎಲ್ಲಿದೆ?

ಬ್ರಷ್‌ಲೆಸ್:

ಮೋಟರ್ ವಿನ್ಯಾಸ ನನ್ನ ವೃತ್ತಿಯಾದ್ದರಿಂದ ಇದನ್ನು ನಾನು ಹೇಳುತ್ತೇನೆ. ಹಳೆಯದೆಲ್ಲ ಚೆನ್ನ ಎಂಬ ರಾಗಕ್ಕೆ ನಾನು ದನಿಗೂಡಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ.

ಆ ಕಾಲದ ಬಹಳಷ್ಟು ಅಗ್ಗದ ಐರೋಪ್ಯ ಯಂತ್ರಗಳಲ್ಲಿ ಎರಡೇ ವೇಗದ ಇಂಡಕ್ಷನ್ ಮೋಟರ್ ಇರುತ್ತಿತ್ತು. ಒಂದೇ ಮೋಟರಿನೊಳಗೆ ತಂತಿಯ ಎರಡು ಸುರುಳಿಗಳು, ಒಂದು 16 ಕಾಂತಧ್ರುವದ್ದು, ಇನ್ನೊಂದು 2 ಧ್ರುವದ್ದು; ಧ್ರುವ ಹೆಚ್ಚಿದಷ್ಟೂ ವೇಗ ಕಡಿಮೆ. 50 ಹರ್ಟ್ಸ್ ಕರೆಂಟಿನಲ್ಲಿ ಮೊದಲನೆಯದರ ವೇಗ ನಿಮಿಷಕ್ಕೆ 375 ಸುತ್ತಿನ ಒಳಗೆ, ಎರಡನೆಯದರದು 3000ದ ಒಳಗೆ. ಬೆಲ್ಟು ಮತ್ತು ದೊಡ್ಡ ಪುಲ್ಲಿ ಸೇರಿ ಆ ವೇಗವನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ಇಳಿಸುತ್ತಿದ್ದವು. ಹಾಗಾಗಿ ಡ್ರಮ್ಮಿಗೆ ಸಿಗುತ್ತಿದ್ದದ್ದು ಒಗೆಯುವಾಗ ಸುಮಾರು 50 ಸುತ್ತು, ಹಿಂಡುವಾಗ ಸುಮಾರು 400 ಸುತ್ತು. ನಡುವೆ ಏನೂ ಇಲ್ಲ.

ಈ ‘ನಡುವೆ ಏನೂ ಇಲ್ಲ’ ಎಂಬುದರಲ್ಲಿಯೇ ನಿಮ್ಮ ಜಮಖಾನದ ಉತ್ತರವಿದೆ. ಡ್ರಮ್ಮಿನ ವ್ಯಾಸ 46 ಸೆಂಟಿಮೀಟರ್ ಎಂದು ಹಿಡಿದರೆ, ಅದರ ಅಂಚಿನಲ್ಲಿರುವ ಬಟ್ಟೆ ಮೇಲೆ ಹೋದಾಗ ಕೆಳಗೆ ಬೀಳದೆ ಗೋಡೆಗೆ ಅಂಟಿಕೊಳ್ಳಲು ನಿಮಿಷಕ್ಕೆ 62 ಸುತ್ತು ಸಾಕು. ಒಗೆತಕ್ಕೆ ಬಟ್ಟೆ ಮೇಲಿಂದ ಬೀಳಲೇಬೇಕು, ಕಲ್ಲಿನ ಮೇಲೆ ಕುಕ್ಕುವುದಕ್ಕೆ ಬದಲು ಆ ಬೀಳುವಿಕೆಯೇ ಇಲ್ಲಿನ ಒಗೆತ. ಅದಕ್ಕೇ 50 ಸುತ್ತು. ಈಗಿನ ಯಂತ್ರ ಹಿಂಡುವ ಮೊದಲು 62ಕ್ಕಿಂತ ತುಸು ಮೇಲಿನ ವೇಗದಲ್ಲಿ ನಿಧಾನವಾಗಿ ತಿರುಗಿ, ಬಟ್ಟೆಯನ್ನು ಡ್ರಮ್ಮಿನ ಸುತ್ತ ಸಮನಾಗಿ ಹರಡಿಕೊಂಡು, ತೂಕ ಒಂದೇ ಕಡೆ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಮತ್ತೆ ಉದುರಿಸಿ ಹರಡಿಕೊಳ್ಳುತ್ತದೆ. ಹಳೆಯದಕ್ಕೆ ಆ ವೇಗವೇ ಇರಲಿಲ್ಲ. ಜಮಖಾನ ಆ ಗಳಿಗೆಯಲ್ಲಿ ಹೇಗೆ ಮುದ್ದೆಯಾಗಿ ಬಿದ್ದಿತ್ತೋ ಹಾಗೆಯೇ ಅದನ್ನು 50ರಿಂದ 400ಕ್ಕೆ ಎಸೆಯುತ್ತಿತ್ತು. 400 ಸುತ್ತಿನಲ್ಲಿ ಒಂದೇ ಪಕ್ಕಕ್ಕೆ ಕೂತ ಒಂದು ಕಿಲೋ ಒದ್ದೆ ಬಟ್ಟೆ ಸುಮಾರು 41 ಕಿಲೋ ಭಾರದಷ್ಟು ಬಲದಿಂದ ಡ್ರಮ್ಮನ್ನು ಎಳೆಯುತ್ತದೆ. ಮುದ್ದೆ ಮಟ್ಟಸವಾಗಿ ಬಿದ್ದ ದಿನ ಯಂತ್ರ ಸಾಧು, ಇಲ್ಲದ ದಿನ ಪಯಣ.

ಈ ಎಳೆತವನ್ನು ತಾಳಿಕೊಳ್ಳಲೆಂದೇ ಟಬ್ಬಿಗೆ ಕಾಂಕ್ರೀಟಿನ ಭಾರವಾದ ತುಂಡುಗಳನ್ನು ಬಿಗಿದು, ಇಡೀ ಟಬ್ಬನ್ನು ಮೇಲಿನಿಂದ ಸ್ಪ್ರಿಂಗುಗಳಲ್ಲಿ ತೂಗುಹಾಕುತ್ತಾರೆ. ‘ಹಳೆಯ ಯಂತ್ರ ಎಷ್ಟು ಗಟ್ಟಿ, ಇಬ್ಬರು ಎತ್ತಿದರೂ ಏಳುವುದಿಲ್ಲ’ ಎಂದು ಹೊಗಳುವವರು ಅರ್ಧದಷ್ಟು ಹೊಗಳುವುದು ಸಿಮೆಂಟನ್ನು.

ರೈನ್_ತೀರ:

ನಾನು ಕಲೋನ್ ನಗರದಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ಧಾರವಾಡದವಳು. ನಡೆಯುವ ಯಂತ್ರದ ಮಾತು ಓದಿ ನನ್ನ ಮೊದಲ ಬಾಡಿಗೆ ಮನೆಯ ನೆಲಮಾಳಿಗೆ ನೆನಪಾಯಿತು. ಇಲ್ಲಿಯ ಹಳೆಯ ಕಟ್ಟಡಗಳಲ್ಲಿ ಎಲ್ಲ ಬಾಡಿಗೆದಾರರ ಯಂತ್ರಗಳೂ ಕೆಳಗಿನ ಒಗೆಯುವ ಕೋಣೆಯಲ್ಲಿ ಸಾಲಾಗಿ ನಿಂತಿರುತ್ತವೆ, ನಮ್ಮ ಕಟ್ಟಡದಲ್ಲಿ ಭಾನುವಾರ ಅವುಗಳನ್ನು ಓಡಿಸುವಂತಿರಲಿಲ್ಲ. ಆ ಕೋಣೆಯ ನೆಲದಲ್ಲಿ ಒಂದು ಕಡೆ ಮೊಣಕಾಲೆತ್ತರಕ್ಕೂ ಕಡಿಮೆಯ ಕಾಂಕ್ರೀಟ್ ಕಟ್ಟೆ, ಅದರಲ್ಲಿ ತುಕ್ಕು ಹಿಡಿದ ನಾಲ್ಕು ಬೋಲ್ಟುಗಳು ಚಾಚಿಕೊಂಡಿದ್ದವು. ಏನೆಂದು ಕೇಳಿದಾಗ ಮೇಲಿನ ಮಹಡಿಯ ಅಜ್ಜಿ, ಅದು ತಮ್ಮ ಮೊದಲ ಯಂತ್ರದ ಪಾದ ಎಂದರು.

ಮೊದಮೊದಲಿನ ಫ್ರಂಟ್ ಲೋಡ್ ಯಂತ್ರಗಳಿಗೆ ಸ್ಪ್ರಿಂಗಿನ ಏರ್ಪಾಡೇ ಇರಲಿಲ್ಲ, ಹಾಗಾಗಿ ಅವುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಲೇಬೇಕಿತ್ತು. ಅಮೆರಿಕದಲ್ಲಿ 1937ರಲ್ಲಿ ಬಂದ ಬೆಂಡಿಕ್ಸ್ ಮನೆಬಳಕೆಯ ಮೊದಲ ಸ್ವಯಂಚಾಲಿತ ಯಂತ್ರ. ಅದೂ ಮುಂಬಾಗಿಲಿನದೇ, ಅದೂ ನೆಲಕ್ಕೆ ಬಿಗಿದದ್ದೇ. ಜರ್ಮನಿಯಲ್ಲಿ 1951ರಲ್ಲಿ ಬಂದ ಕನ್‌ಸ್ಟ್ರುಕ್ಟಾ ಯಂತ್ರದ ಕಥೆಯೂ ಹಾಗೆಯೇ. ಮನೆ ಬದಲಾಯಿಸುವಾಗ ಯಂತ್ರವನ್ನು ಒಯ್ಯಬೇಕಾದರೆ ನೆಲವನ್ನೇ ಅಗೆಯಬೇಕಾಗುತ್ತಿತ್ತೆಂದು ಅಜ್ಜಿ ನಗುತ್ತಿದ್ದರು. ಅಮೆರಿಕದ ವೆಸ್ಟಿಂಗ್‌ಹೌಸ್‌ನವರ ಲಾಂಡ್ರೊಮ್ಯಾಟ್ ಎಂಬ ಯಂತ್ರದ ಒಂದು ಮಾದರಿಯಲ್ಲಿ ಬಾಗಿಲೇ ತಕ್ಕಡಿಯಾಗಿತ್ತು: ತೆರೆದ ಬಾಗಿಲಿನ ಮೇಲೆ ಬಟ್ಟೆ ಹೇರಿದರೆ ಅದು ತೂಕ ತೋರಿಸುತ್ತಿತ್ತು, ಅದಕ್ಕೆ ತಕ್ಕಷ್ಟು ನೀರನ್ನು ಆರಿಸಿಕೊಳ್ಳಬಹುದಿತ್ತು. ಅದೇ ಹೆಸರು ಮುಂದೆ ಅಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಗಳ ಹೆಸರೇ ಆಗಿಹೋಯಿತು.

ಹೀಟರಿನ ವಿಷಯಕ್ಕೆ ಬಂದರೆ, ಇಲ್ಲಿಯ ಹಳಬರಿಗೆ ಬಿಳಿಯ ಹತ್ತಿ ಬಟ್ಟೆಯನ್ನು 95 ಡಿಗ್ರಿಯಲ್ಲಿ ಕುದಿಸಿದರೇ ಸಮಾಧಾನವಾಗುತ್ತಿತ್ತು. ಒಲೆಯ ಮೇಲಿನ ಹಂಡೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಯಂತ್ರದ ಹೊಟ್ಟೆಗೆ ಹಾಕಬೇಕಿದ್ದರಿಂದ ಒಳಗೇ ಹೀಟರ್ ಬಂತು. ಡ್ರಮ್ಮನ್ನು ಅಡ್ಡ ಮಲಗಿಸಿದರೆ ಅದರ ತಳದ ಸ್ವಲ್ಪ ನೀರನ್ನಷ್ಟೇ ಕಾಯಿಸಿದರೆ ಸಾಕಾಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಯಂತ್ರದಂತೆ ಬಟ್ಟೆ ಮುಳುಗುವಷ್ಟು ನೀರನ್ನೆಲ್ಲ ಕಾಯಿಸಬೇಕಾಗಿದ್ದರೆ ಯಾವ ಮನೆಯ ಫ್ಯೂಸ್ ಉಳಿಯುತ್ತಿತ್ತು?

ಹದಿನೈದು_ಆಂಪಿಯರ್:

ಅಕ್ಕಾವರು ಫ್ಯೂಸಿನ ಮಾತೆತ್ತಿದಿರಿ. ನನ್ನ ಹೆಸರು ಬಂದದ್ದೇ ಅಲ್ಲಿಂದ. ಯಂತ್ರ ಕೊಂಡವರು ಅದನ್ನು ಮಿಕ್ಸಿಯ ಐದು ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ, ಹೀಟರ್ ಹತ್ತಿದೊಡನೆ ಪ್ಲಗ್ಗು ಕರಗಿದ ಮೇಲೆ ನನ್ನನ್ನು ಕರೆಯುತ್ತಿದ್ದರು.

ವೋಲ್ಟೇಜಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ತರಲು 2000 ವ್ಯಾಟಿನ ಹೀಟರಿಗೆ ಸುಮಾರು 18 ನಿಮಿಷ ಬೇಕು, ಬಟ್ಟೆ ಮತ್ತು ಟಬ್ಬು ಕಾಯುವ ಹೊತ್ತನ್ನು ಬಿಟ್ಟು. ವೋಲ್ಟೇಜು 180ಕ್ಕೆ ಇಳಿದರೆ ಹೀಟರಿನ ಬಲ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 2000 ವ್ಯಾಟ್ ಇದ್ದದ್ದು 1225ಕ್ಕೆ ಬರುತ್ತದೆ, 18 ನಿಮಿಷದ ಕೆಲಸ ಅರ್ಧ ಗಂಟೆಯಾಗುತ್ತದೆ. ಥರ್ಮೋಸ್ಟಾಪ್ ಇರುವ ಯಂತ್ರ ಅಷ್ಟೂ ಹೊತ್ತು ಕಾಯುತ್ತದೆ. ‘ಒಂದೊಂದು ದಿನ ಒಂದೊಂದು ಹೊತ್ತಿಗೆ ಮುಗಿಯುತ್ತದೆ, ಯಂತ್ರ ಕೆಟ್ಟಿದೆ’ ಎಂದು ಬಂದ ದೂರುಗಳಲ್ಲಿ ಎಷ್ಟೋ, ವಿದ್ಯುತ್ ಲೈನಿನ ಮೇಲೆ ಹೋಗಬೇಕಾದ ದೂರುಗಳಾಗಿದ್ದವು.

ಬಾವಿಕಟ್ಟೆಯವರು ಒಂದು ಮಾತು ಹೇಳಿ: ಊರಿನಲ್ಲಿ ಇದ್ದಾಗ ನೊರೆಯ ತೊಂದರೆ ಇತ್ತೇ?

ಬಾವಿಕಟ್ಟೆ:

ಸರ್, ತಮಗೆ ಹೇಗೆ ತಿಳಿಯಿತೋ! ಜಗಲಿಯ ಮೇಲೆಲ್ಲ ನೊರೆ ಹರಿದು, ಸೋಪಿನ ಡ್ರಾಯರಿನ ಸಂದಿಯಿಂದ ಹಾಲು ಉಕ್ಕಿದಂತೆ ಬರುತ್ತಿತ್ತು. ಅಮ್ಮ ಪುಡಿಯನ್ನು ಒಂದು ಚಮಚಕ್ಕೆ ಇಳಿಸಿದ ಮೇಲೆ ನಿಂತಿತು. ಬೆಂಗಳೂರಿಗೆ ಬಂದ ಮೇಲೆ ಅದೇ ಪುಡಿಯನ್ನು ನಾಲ್ಕು ಚಮಚ ಹಾಕಿದರೂ ನೊರೆಯಿಲ್ಲ.

ಹದಿನೈದು_ಆಂಪಿಯರ್:

ಉತ್ತರ ತಮ್ಮ ಮಾತಿನಲ್ಲಿಯೇ ಇದೆ. ಕರಾವಳಿಯ ಕೆಂಪುಕಲ್ಲಿನ ಬಾವಿಯ ನೀರು ಮೆದು, ಬೆಂಗಳೂರಿನ ಬೋರ್‌ವೆಲ್ಲಿನ ನೀರು ಗಡಸು. ಮೆದು ನೀರಿನಲ್ಲಿ ನೊರೆ ಹೆಚ್ಚು, ಅದರಲ್ಲೂ ಬಕೆಟ್ಟಿನಲ್ಲಿ ನೆನೆಸುವುದಕ್ಕೆಂದು ಮಾಡಿದ ಪುಡಿಯನ್ನು ಬಟ್ಟೆ ಎತ್ತಿ ಎತ್ತಿ ಬೀಳಿಸುವ ಡ್ರಮ್ಮಿಗೆ ಹಾಕಿದರೆ ಕಡೆಗೋಲಿನಿಂದ ಕಡೆದಂತೆ. ನೊರೆ ದಪ್ಪವಾದರೆ ಬಟ್ಟೆ ಬೀಳುವ ಪೆಟ್ಟೂ ಸತ್ತು ಕೊಳೆ ಹೋಗುವುದಿಲ್ಲ. ನೀರಿನ ಮಟ್ಟ ತಿಳಿಯಲು ಟಬ್ಬಿನ ತಳದಿಂದ ಒಂದು ಸಣ್ಣ ರಬ್ಬರ್ ನಳಿಗೆ ಮೇಲಿನ ಪ್ರೆಷರ್ ಸ್ವಿಚ್ಚಿಗೆ ಹೋಗಿರುತ್ತದೆ. ನೀರು ಏರಿದಂತೆ ನಳಿಗೆಯೊಳಗಿನ ಗಾಳಿ ಒತ್ತಿ ಸ್ವಿಚ್ಚು ‘ಸಾಕು’ ಎನ್ನುತ್ತದೆ. ಸೋಪಿನ ಲೋಳೆ ಆ ನಳಿಗೆಯ ಬಾಯಿ ಕಟ್ಟಿದರೆ ಸ್ವಿಚ್ಚಿಗೆ ಸುದ್ದಿ ಮುಟ್ಟುವುದಿಲ್ಲ, ನೀರು ತುಂಬುತ್ತಲೇ ಇರುತ್ತದೆ. ಬಿಚ್ಚಿದಾಗ ಅದನ್ನೂ ಊದಿ ನೋಡಿ.

ಗಡಸು ನೀರು ಕಾಯಿಸಿದರೆ ಹೀಟರಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಶಾಖ ನೀರಿಗೆ ಹೋಗಲಾರದೆ ಹೀಟರ್ ತನ್ನ ಬಿಸಿಯಲ್ಲಿಯೇ ಸುಡುತ್ತದೆ. ಊರಿನಲ್ಲಿ ಹದಿನಾರು ವರ್ಷ ಬಾಳಿದ್ದು ಬೆಂಗಳೂರಿನಲ್ಲಿ ನಾಲ್ಕು ವರ್ಷಕ್ಕೆ ಹೋದದ್ದು ಹೀಗೆ.

ಹೀಟರ್ ತೆಗೆಯುವ ಕ್ರಮ: ಹಿಂಬದಿಯ ತಗಡು ಬಿಚ್ಚಿ, ಟಬ್ಬಿನ ಕೆಳಭಾಗದಲ್ಲಿ ಎರಡು ವೈರಿನ ತುದಿ ಹಾಗೂ ನಡುವೆ ಒಂದು ನಟ್ಟು ಕಾಣುತ್ತದೆ. ನಟ್ಟನ್ನು ಪೂರ್ತಿ ತೆಗೆಯಬೇಡಿ. ಬೋಲ್ಟಿನ ತುದಿಯವರೆಗೆ ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ಒಳಕ್ಕೆ ಬಡಿಯಿರಿ. ಬಿಗಿದಾಗ ಉಬ್ಬಿ ನಿಂತ ರಬ್ಬರು ಆಗ ಸಡಿಲವಾಗುತ್ತದೆ, ಆಮೇಲೆ ಅತ್ತಿತ್ತ ಆಡಿಸುತ್ತ ಹೊರಗೆ ಎಳೆಯಬಹುದು. ಮೋಟರಿಗಾಗಿ ಕರೆಂಟನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರಿನ ಹತ್ತಿರ ಕೈ ಹಾಕಬೇಡಿ.

ಬ್ರಷ್‌ಲೆಸ್:

ಸರ್ ಹೇಳಿದ ರಿಪೇರಿ ಕ್ರಮಕ್ಕೆ ನನ್ನ ತಕರಾರಿಲ್ಲ. ಆದರೂ ದಾಖಲೆಗೆ ಇರಲಿ ಎಂದು ಹೇಳುತ್ತೇನೆ: 400 ಸುತ್ತಿನಲ್ಲಿ ಹಿಂಡಿದ ಬಟ್ಟೆ ನೀರು ತೊಟ್ಟಿಕ್ಕುತ್ತಲೇ ಹೊರಬರುತ್ತದೆ. ಅದೇ ಡ್ರಮ್ಮನ್ನು 1000 ಸುತ್ತಿಗೆ ಒಯ್ದರೆ ಹಿಂಡುವ ಬಲ ಆರು ಪಟ್ಟಿಗಿಂತ ಹೆಚ್ಚು. ಮಳೆಗಾಲದ ಕುಂದಾಪುರದಲ್ಲಿ ಆ ವ್ಯತ್ಯಾಸದ ಬೆಲೆ ಏನೆಂದು ಬಾವಿಕಟ್ಟೆಯವರ ತಾಯಿಯವರನ್ನೇ ಕೇಳಿ.

ಹದಿನೈದು_ಆಂಪಿಯರ್:

ಒಪ್ಪಿದೆ, ತಮ್ಮಾ. ನಾನು ಒಂದೇ ಮಾತು ಕೇಳುತ್ತೇನೆ. ಹಳೆಯ ಯಂತ್ರದ ಬೇರಿಂಗು ಗೊರಗೊರ ಎಂದರೆ ಟಬ್ಬಿನ ಮುಚ್ಚಳ ಬಿಚ್ಚಿ, ಸೀಲು ಮತ್ತು ಎರಡು ಬೇರಿಂಗು ಬದಲಿಸಿ ಸಂಜೆಯೊಳಗೆ ಕೊಡುತ್ತಿದ್ದೆ. ಈಗಿನ ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಟಬ್ಬಿನ ಎರಡು ಹೋಳುಗಳನ್ನು ಕಾಯಿಸಿ ಬೆಸೆದಿರುತ್ತಾರೆ. ಒಂದು ಬೇರಿಂಗಿಗಾಗಿ ಇಡೀ ಟಬ್ಬನ್ನೇ ಕೊಳ್ಳಬೇಕು. ಇದಕ್ಕೆ ನಿಮ್ಮ ಉತ್ತರವೇನು?

ಬ್ರಷ್‌ಲೆಸ್:

ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ ಸರ್. ಅದು ನನಗೂ ಸಿಟ್ಟು ತರಿಸುವ ವಿಷಯ.

ಒಗೆಯುವ_ಕಲ್ಲು:

ನೀವಿಬ್ಬರೂ ರಾಜಿಯಾದ ಈ ಹೊತ್ತಿನಲ್ಲಿ ನಾನೊಂದು ಸಂಶಯ ಕೇಳುತ್ತೇನೆ. ಪ್ರೋಗ್ರಾಮ್ ಮುಗಿದ ಮೇಲೆ ಬಾಗಿಲು ಎರಡು ನಿಮಿಷ ತೆರೆಯುತ್ತಿರಲಿಲ್ಲ; ಒಮ್ಮೆ ‘ಕಟ್’ ಎಂಬ ಸದ್ದಾದ ಮೇಲೆಯೇ ಹಿಡಿ ಸಡಿಲವಾಗುತ್ತಿತ್ತು. ಶಾಲೆಗೆ ಹೊರಟ ಮಗಳ ಯೂನಿಫಾರ್ಮು ಒಳಗಿದ್ದ ದಿನಗಳಲ್ಲಿ ಆ ಎರಡು ನಿಮಿಷ ಒಂದು ಯುಗವಾಗುತ್ತಿತ್ತು. ಅದೇಕೆ ಹಾಗೆ?

ಹದಿನೈದು_ಆಂಪಿಯರ್:

ಬಾಗಿಲಿನ ಬೀಗದೊಳಗೆ ಎರಡು ಲೋಹಗಳನ್ನು ಅಂಟಿಸಿದ ಒಂದು ಪಟ್ಟಿ ಇರುತ್ತದೆ, ಅಮ್ಮಾ. ಯಂತ್ರ ಓಡುವಾಗ ಒಂದು ಪುಟ್ಟ ಹೀಟರ್ ಅದನ್ನು ಬಿಸಿಯಾಗಿಟ್ಟು ಬಾಗಿಸಿ, ಕೊಂಡಿಯನ್ನು ಹಿಡಿದಿಡುತ್ತದೆ. ಕರೆಂಟು ನಿಂತ ಮೇಲೆ ಆ ಪಟ್ಟಿ ತಣ್ಣಗಾಗಿ ನೆಟ್ಟಗಾಗಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ಡ್ರಮ್ಮು ಖಂಡಿತ ನಿಂತಿರುತ್ತದೆ.

ಬಾವಿಕಟ್ಟೆ:

ಮೂರು ವಾರ ತಡವಾಗಿ ವರದಿ ಒಪ್ಪಿಸುತ್ತಿದ್ದೇನೆ. ಮೀಟರ್ ಏನೂ ತೋರಿಸಲಿಲ್ಲ. ಹೀಟರ್ ಹೊರಗೆ ಬರಲು ಒಂದು ಗಂಟೆ ಹಿಡಿಯಿತು, ಏಕೆಂದರೆ ಅದು ಹೋದ ರಂಧ್ರಕ್ಕಿಂತ ದಪ್ಪವಾಗಿತ್ತು: ಬೆರಳು ಗಾತ್ರದ ಬೂದು ಸುಣ್ಣ, ನಡುವೆ ಒಂದು ಕಡೆ ಕಪ್ಪಾಗಿ ಸೀಳಿದ ಗುರುತು. ಟಬ್ಬಿನ ತಳದಲ್ಲಿ ಮೂರು ಪಿನ್ನು, ಒಂದು ಅಂಗಿ ಗುಂಡಿ, ಜಿಂಕೆಯ ಚಿತ್ರವಿರುವ ದುಬೈಯ 25 ಫಿಲ್ಸ್ ನಾಣ್ಯ ಸಿಕ್ಕವು. ಎಸ್‌.ಪಿ. ರಸ್ತೆಯಲ್ಲಿ ಹಳೆಯದನ್ನು ಕೈಯಲ್ಲಿ ಹಿಡಿದು ನಾಲ್ಕು ಅಂಗಡಿ ಸುತ್ತಿದ ಮೇಲೆ ಅಳತೆಗೆ ಕೂರುವ ಹೀಟರ್ ದೊರೆಯಿತು, ಹೊಸದು 26.8 ಓಮ್ ತೋರಿಸಿತು.

ನಿನ್ನೆ 60 ಡಿಗ್ರಿಗೆ ಇಟ್ಟು ಕುರ್ಚಿ ಹಾಕಿಕೊಂಡು ಕುಳಿತೆ. ಗುಬುಟು ಎರಡು ಗೆರೆ ದಾಟಿ ಎಂದಿನ ಜಾಗದಲ್ಲಿ ನಿಂತಿತು. ಅಮ್ಮ ಅಡುಗೆಮನೆಯಿಂದ ಎರಡು ಬಾರಿ ಬಂದು ನೋಡಿ ಹೋದರು. ಮೂವತ್ತೊಂದನೆಯ ನಿಮಿಷಕ್ಕೆ ಬಾಗಿಲ ಗಾಜು ಮುಟ್ಟಲಾರದಷ್ಟು ಬಿಸಿಯಾಗಿತ್ತು, ಆಗ ‘ಟಕ್’ ಎಂದಿತು. ಸ್ಪಿನ್ನಿನಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಎಡಕ್ಕೆ ನಡೆಯಿತು, ಜಮಖಾನ ಹಾಕಿರಲಿಲ್ಲ.

ಹದಿನೈದು_ಆಂಪಿಯರ್:

ಮೇಲಿನ ಎದುರುಬದುರು ಮೂಲೆಗಳನ್ನು ಒಂದೊಂದಾಗಿ ಒತ್ತಿ ನೋಡಿ. ಒತ್ತಿದಾಗ ಯಾವ ಮೂಲೆ ಕುಸಿಯುತ್ತದೋ ಅದರ ಕೆಳಗಿನ ಕಾಲು ನೆಲಕ್ಕೆ ತಾಗಿಲ್ಲ; ಅದನ್ನು ಅರ್ಧ ಸುತ್ತು ಇಳಿಸಿ, ಅದು ಮತ್ತೆ ತಿರುಗದಂತೆ ಹಿಡಿಯುವ ಮೇಲಿನ ಚೆಕ್‌ನಟ್ ಬಿಗಿಯಿರಿ. ಕೆಳಗೆ ಮಡಿಸಿದ ರಟ್ಟು ಇಡಬೇಡಿ, ಅದು ಒದ್ದೆಯಾಗಿ ವಾರದೊಳಗೆ ಕುಗ್ಗುತ್ತದೆ.